ನೀಲಿ ಅರಿವೇಣಿ

ಮರ್ಫಿ ಟೌನ್, ಹಲಸೂರು
18 ಫೆಬ್ರವರಿ 2025

ಪ್ರೀತಿಯ ನೂರ್ಜಹಾನ್,

ನಿನ್ನ ಮಂಡಿನೋವು ಹೇಗಿದೆ, ನಿನ್ನ ಮಗಳು ನಾಜಿಶ್ ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ, ಚಿಂತಾಮಣಿಯ ನೀರು ಕೊನೆಗೂ ನಿನಗೆ ಒಗ್ಗಿತೋ ಇಲ್ಲವೋ, ಇದನ್ನೆಲ್ಲ ಕೇಳಬೇಕು. ಸಂಕ್ರಾಂತಿ ಹೊತ್ತಿಗೆ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಫೋನ್ ಮಾಡೋಣವೆಂದರೆ ನಾನು ಹೇಳಿದ್ದರಲ್ಲಿ ಅರ್ಧ ನಿನಗೆ ಕೇಳಿಸುತ್ತದೆ, ಪೂರ್ತಿ ನಮ್ಮ ಪಕ್ಕದ ಮನೆಯವರಿಗೆ ಕೇಳಿಸುತ್ತದೆ. ಇಂಥ ಸುದ್ದಿಯನ್ನು ಹಾಗೆ ಕಿರುಚಿ ಹಾಳು ಮಾಡಲು ನನಗೆ ಮನಸ್ಸಿಲ್ಲ. ಕನ್ನಡಕ ಹಾಕಿಕೊಂಡು, ಕಾಲು ಚಾಚಿಕೊಂಡು, ನಿಧಾನವಾಗಿ ಓದು.

ಗೆದ್ದೆ ಕಣೇ! ಎರಡೂ ಹೂದಾನಿ ಸಿಕ್ಕಿತು. ಮಾರಿಯಾ ಮದುವೆಯೂ ಆಯಿತು. ನಮ್ಮ ಜಗದೀಶನ ಮೂತಿ ನೋಡಲು ನೀನು ಇರಬೇಕಿತ್ತು.

ಮೊದಲಿಂದ ಹೇಳುತ್ತೇನೆ. ನೀನು ಈ ಹೂದಾನಿಗಳನ್ನು ನೋಡಿದ್ದೀಯ. ಗರುಡಾಚಾರ್‌ಪಾಳ್ಯದ ನಮ್ಮ ತವರಿನ ಹಜಾರದಲ್ಲಿ, ಗಾಜಿನ ಶೋಕೇಸಿನೊಳಗೆ, ಬಿಳಿಯ ಮೈಮೇಲೆ ನೀಲಿ ಬಣ್ಣದಲ್ಲಿ ಮೋಡ, ಹೂವು, ಒಂದು ಡ್ರ್ಯಾಗನ್ನು. ನಾನೂ ನನ್ನ ತಂಗಿ ಸುಕನ್ಯಳೂ ಅದನ್ನು ಮೀಸೆ ಹಾವು ಅನ್ನುತ್ತಿದ್ದೆವು. ಚೀನಾದ ಪಿಂಗಾಣಿ. ನನ್ನ ಮದುವೆಯ ವರ್ಷ ಅಪ್ಪ ಕೊಂಡದ್ದು. ರಿಚರ್ಡ್ಸ್ ಟೌನಿನ ಒಂದು ಬಂಗಲೆಗೆ ಅಪ್ಪ ಹಾಲು ಹಾಕುತ್ತಿದ್ದರು. ಅಲ್ಲಿಯ ದೊರಸಾನಿ ಆಸ್ಟ್ರೇಲಿಯಾಕ್ಕೆ ಹೊರಟಳು, ಮನೆಯ ಸಾಮಾನನ್ನೆಲ್ಲ ವರಾಂಡದಲ್ಲಿಟ್ಟು ಮಾರಿದಳು. ಬೇರೆಯವರು ಮಂಚ, ಬೀರು, ಊಟದ ಮೇಜು ಹೊತ್ತುಕೊಂಡು ಹೋದರು. ನಮ್ಮಪ್ಪ ಬೈಲಪ್ಪನವರು ಗಾಡಿಯಲ್ಲಿ ಹುಲ್ಲು ಹಾಸಿ ಈ ಎರಡನ್ನು ತಂದರು.

ಯಾಕೆ ಗೊತ್ತಾ? ನಮ್ಮಲ್ಲಿ ಮದುವೆಗೆ ಅರಿವೇಣಿ ತರುವ ಶಾಸ್ತ್ರ ಇದೆ. ಕುಂಬಾರರ ಮನೆಯಿಂದ ಸುಣ್ಣ ಬಳಿದು ಚಿತ್ತಾರ ಬರೆದ ಮಡಕೆಗಳನ್ನು ಹೆಂಗಸರು ಹೊತ್ತು ತಂದು, ನೀರು ತುಂಬಿ, ಚಪ್ಪರದಡಿ ಇಟ್ಟು ಪೂಜೆ ಮಾಡುತ್ತೇವೆ. ಅಪ್ಪ ಈ ಹೂದಾನಿಗಳನ್ನು ನೋಡಿದರು. ಬಿಳಿ ಮಡಕೆ, ಮೇಲೆ ಚಿತ್ತಾರ. ಇನ್ನೇನಾಗಿರಲು ಸಾಧ್ಯ? "ಇವು ಅರಿವೇಣಿಯೇ ಕಣ್ರೇ. ದೊರೆಗಳ ಅರಿವೇಣಿ ನೀಲಿ ಇರ್ತದೆ, ಅಷ್ಟೇಯ" ಅಂದರು. ಒಂದು ನನಗೆ, ಇನ್ನೊಂದು ಮುಂದೆ ಸುಕನ್ಯಳ ಮದುವೆಗೆ.

ಅಷ್ಟಕ್ಕೆ ಬಿಟ್ಟರೇ? ಹೆಣ್ಣುಮಕ್ಕಳಿಗೆ ಕೊಡುವ ಪಾತ್ರೆ ಅಂದಮೇಲೆ ಹೆಸರು ಹಾಕಿಸಬೇಕಲ್ಲ! ಹಲಸೂರು ಬಜಾರಿನ ಪಾತ್ರೆ ಅಂಗಡಿಗೆ ನನ್ನ ಕೊಳಗ, ಚೊಂಬು, ತಟ್ಟೆಗಳ ಜೊತೆ ಇವನ್ನೂ ಒಯ್ದರು. ಹೆಸರು ಕೊರೆಯುವವನು ಕೈಮುಗಿದುಬಿಟ್ಟನಂತೆ, "ಯಜಮಾನ್ರೇ, ಇದು ಪಿಂಗಾಣಿ, ಒಡೆದ್ರೆ ನನ್ನ ತಲೆಗೆ ಬರುತ್ತೆ" ಅಂತ. ಅಪ್ಪ ಕೇಳಲಿಲ್ಲ. ಹೊಟ್ಟಿನ ಮೂಟೆಯ ಮೇಲೆ ಬೋರಲು ಮಲಗಿಸಿ, ಕರೆಂಟಿನ ಸೂಜಿಯಲ್ಲಿ ಚುಕ್ಕಿ ಚುಕ್ಕಿಯಾಗಿ ತಳದ ಮೇಲೆ ಹೆಸರು ಹಾಕಿಸಿಕೊಂಡೇ ಮನೆಗೆ ಬಂದರು. ಒಂದರ ಮೇಲೆ ನನ್ನ ಹೆಸರು, ಇನ್ನೊಂದರ ಮೇಲೆ ಸುಕನ್ಯಳದು.

ನನ್ನದು ನನ್ನ ಜೊತೆ ಬರಲಿಲ್ಲ. ನಮ್ಮ ಅತ್ತೆ, "ಬಿಳಿಯರು ಅದರಲ್ಲಿ ಏನೇನ್ ತುಂಬಿದ್ರೋ, ನಮ್ಮನೆ ಹೊಸಿಲು ದಾಟಿಸ್ಬೇಡಿ" ಅಂದುಬಿಟ್ಟರು. ಹಾಗಾಗಿ ಜೋಡಿಯೂ ತವರಿನಲ್ಲೇ ಉಳಿಯಿತು. ಆಮೇಲೆ ಬಡಗಿ ಶೋಕೇಸು ಮಾಡಿಕೊಟ್ಟ, ಗಾಜು ಗೀಚದಿರಲೆಂದು ತಳಕ್ಕೆ ಹಸಿರು ಬಟ್ಟೆ ಅಂಟಿಸಿದ. ಅಲ್ಲಿ ಕೂತವು.

ಸುಕನ್ಯಳ ಕತೆ ನಿನಗೆ ನಾನು ಹೇಳಬೇಕಾಗಿಲ್ಲ. ಅವಳು ಕಮ್ಮನಹಳ್ಳಿಯ ಅಂತೋಣಿಯನ್ನು ಮದುವೆಯಾಗಿ ಹೋದ ಮೇಲೆ, ರಸೆಲ್ ಮಾರ್ಕೆಟ್ಟಿನಲ್ಲಿ ತರಕಾರಿ ಕೊಳ್ಳುವ ನೆಪದಲ್ಲಿ ನಾವು ಅಕ್ಕತಂಗಿ ಭೇಟಿಯಾದಾಗಲೆಲ್ಲ ಕಾವಲಿಗೆ ನಿಂತವಳು ನೀನೇ ಅಲ್ಲವಾ? ಅವಳು ಮನೆ ಬಿಟ್ಟ ವಾರವೇ ಅಪ್ಪ ನಮ್ಮ ಹಟ್ಟಿಯವರನ್ನೆಲ್ಲ ಕೂರಿಸಿಕೊಂಡು ಹೇಳಿದರು: "ಸುಕನ್ಯ ಅನ್ನೋ ಮಗಳು ನಂಗಿಲ್ಲ. ಅವಳ ಅರಿವೇಣಿ ಮೇಲಿನ ಹೆಸ್ರನ್ನೂ ಉಜ್ಜಿಸಿ ಹಾಕಿದೀನಿ." ಆ ಮಾತು ಅವತ್ತು ಸಂಜೆಯೊಳಗೆ ಕಮ್ಮನಹಳ್ಳಿ ತಲುಪಿತು. ಅವಳು ತವರಿಗೆ ಮತ್ತೆ ಕಾಲಿಡಲಿಲ್ಲ.

ಈಗ ಈ ವರ್ಷದ ಕತೆಗೆ ಬಾ. ಸುಕನ್ಯ ತೀರಿಕೊಂಡು ಎರಡು ವರ್ಷ ಆಗುತ್ತಾ ಬಂತು. ಅವಳ ಮಗಳು ಮಾರಿಯಾ ಕೆ.ಆರ್. ಪುರದ ಶ್ರೀನಿವಾಸನನ್ನು ಮೆಚ್ಚಿದಳು. ಒಳ್ಳೆಯ ಹುಡುಗ, ಮಾತು ಸ್ವಲ್ಪ ಜಾಸ್ತಿ. ಎರಡೂ ಕಡೆಯವರು ಒಪ್ಪಿದರು, ಚರ್ಚಿನಲ್ಲೂ ಮದುವೆ, ಹುಡುಗನ ಮನೆಯ ಚಪ್ಪರದಲ್ಲೂ ಮದುವೆ. ಮಾತುಕತೆಗೆ ನಾನೂ ಹೋಗಿದ್ದೆ. ಎಲ್ಲ ಮುಗಿದು ಕಾಫಿ ಕುಡಿಯುವಾಗ ಹುಡುಗನ ಅಜ್ಜಿ ಕೇಳಿತು, "ಚಪ್ಪರಕ್ಕೆ ಹೆಣ್ಣಿನ ತಾಯಿ ತವರಿಂದ ಅರಿವೇಣಿ ತರೋರು ಯಾರವ್ರೆ?" ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಮಾರಿಯಾ ತಲೆ ತಗ್ಗಿಸಿದಳು. ಅಂತೋಣಿ ಕೈಯಲ್ಲಿದ್ದ ಲೋಟ ನೋಡತೊಡಗಿದರು. "ನಾನ್ ತರ್ತೀನಿ. ಅವಳ ತಾಯಿಗೆ ನಮ್ಮಪ್ಪ ತಂದಿಟ್ಟಿರೋ ಅರಿವೇಣಿನೇ ಇದೆ" ಅಂದುಬಿಟ್ಟೆ.

ಅಂದದ್ದೇನೋ ಅಂದೆ, ಅರಿವೇಣಿ ಇದ್ದದ್ದು ಜಗದೀಶನ ಶೋಕೇಸಿನಲ್ಲಿ. ನಮ್ಮಣ್ಣ ಮುತ್ತಣ್ಣ ತೀರಿಕೊಂಡ ಮೇಲೆ ಆ ಮನೆಗೆ ಅವನ ಮಗ ಜಗದೀಶನದೇ ಪಾರುಪತ್ಯ. ಹೋಗಿ ಕೇಳಿದೆ. ಜ್ಯೂಸು ಕೊಟ್ಟ, ಸೋಫಾದಲ್ಲಿ ಕೂರಿಸಿದ, ಆಮೇಲೆ ನಕ್ಕ.

"ಅತ್ತೆ, ಅದು ಆಂಟಿಕ್ಕು. ನೀರು ತುಂಬಿ ಅರಿಶಿನ ಬಳಿಯೋ ಐಟಮ್ ಅಲ್ಲ."

"ನನ್ನ ಹೆಸ್ರಿದೆ ಕಣೋ ಅದರ ಮೇಲೆ."

"ನಿಮ್ಮತ್ತೆ ಬೇಡ ಅಂದ್ರಂತಲ್ಲ? ಬಿಟ್ಟೋದ್ಮೇಲೆ ಮುಗೀತು. ಇನ್ನೊಂದರಲ್ಲಿ ಹೆಸ್ರೇ ಇಲ್ಲ, ತಾತಾನೇ ಉಜ್ಜಿಸಿ ಹಾಕಿದ್ರು. ಊರಿಗೇ ಗೊತ್ತು. ಆ ಮನೆಯವ್ರಿಗೆ ಯಾವ ಲೆಕ್ಕದಲ್ಲಿ ಕೊಡ್ಲಿ ಹೇಳಿ?"

ನನ್ನದಕ್ಕೆ ಜಗಳ ಆಡಬಲ್ಲೆ, ಆದರೆ ಮಾರಿಯಾಳಿಗೆ ಬೇಕಾದದ್ದು ಅವಳ ಅಮ್ಮನದು. ಅಪ್ಪನೇ ಅಳಿಸಿದ್ದನ್ನು ನಾನು ಯಾವ ಬಾಯಿಂದ ಕೇಳಲಿ? ಬಸ್ಸಿನಲ್ಲಿ ಅಳುತ್ತಾ ಮನೆಗೆ ಬಂದೆ. ನಮ್ಮ ಯಜಮಾನರು ಶ್ರೀರಾಮಪ್ಪನವರು, "ಹೋಗ್ಲಿ ಬಿಡೆ, ಕುಂಬಾರರ ಬೀದಿಯಿಂದ ಚೆನ್ನಾಗಿರೋ ಎರಡು ಮಡಕೆ ತರೋಣ" ಅಂದರು. ಅವರ ಮೇಲೂ ರೇಗಿದೆ. ಪಾಪ, ಪೇಪರು ಎತ್ತಿಕೊಂಡರು.

ಅದಾದ ಮೇಲಿನ ಭಾನುವಾರ ಬೆಳಿಗ್ಗೆ ಸಾರಿಗೆ ಬೇಳೆ ಹಾಕಿ ಫೋನು ನೋಡಿದರೆ, ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ಜಗದೀಶನ ಫೋಟೋ. ಕಾರಿನ ಮುಂದೆ, ಎರಡು ಕಂಕುಳಲ್ಲಿ ಎರಡು ಹೂದಾನಿ. "ತಾತನ ವಾಸ್‌ಗಳು ಇವತ್ತು ಇಂದಿರಾನಗರಕ್ಕೆ. ಬೆಲೆ ಗೊತ್ತಾಗುತ್ತೆ. ಆಲ್ ದಿ ಬೆಸ್ಟ್ ಹೇಳಿ!" ಕೆಳಗೆ ಇಡೀ ವಂಶದವರು ಹೆಬ್ಬೆರಳು ಎತ್ತಿದ್ದರು. ಇಂದಿರಾನಗರದಲ್ಲಿ ಹಳೆಯ ವಸ್ತುಗಳ ಒಂದು ಅಂಗಡಿಯಲ್ಲಿ ಅವತ್ತು ಯಾರು ಬೇಕಾದರೂ ಮನೆಯ ಹಳೆಯ ಸಾಮಾನು ತಂದು ತೋರಿಸಬಹುದಂತೆ. ಅಂಗಡಿಯ ಒಡತಿ ಎಲ್ಲರೆದುರು ನೋಡಿ, ಅದು ಏನು, ಎಲ್ಲಿಯದು ಎಂದು ಹೇಳುತ್ತಾರೆ. ಇಷ್ಟವಾದರೆ ಮಾರಿಸಿಯೂ ಕೊಡುತ್ತಾರೆ.

"ಬೇಳೆ ನೋಡ್ಕೊಳ್ರೀ" ಅಂದವಳೇ ಚಪ್ಪಲಿ ಮೆಟ್ಟಿದೆ. ಹಲಸೂರಿನಿಂದ ಒಂದೇ ಸ್ಟೇಷನ್ನು, ಮೆಟ್ರೋದಲ್ಲಿ ಕೂರಲೂ ಇಲ್ಲ. ಏನು ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ ನೂರ್ಜಹಾನ್. ಮಾರಿಹೋಗಲು ಬಿಡಬಾರದು, ಅಷ್ಟೇ ತಲೆಯಲ್ಲಿದ್ದದ್ದು.

ಅಂಗಡಿಯ ತುಂಬ ಜನ. ಒಬ್ಬರ ತೊಡೆಯ ಮೇಲೆ ಗೋಡೆ ಗಡಿಯಾರ, ಒಬ್ಬರ ಕೈಯಲ್ಲಿ ಕತ್ತಿ, ಒಬ್ಬ ಅಮ್ಮ ಇಡೀ ಹೊಲಿಗೆ ಯಂತ್ರವನ್ನೇ ತಂದಿದ್ದರು. ನಾನು ಒಳಗೆ ಹೋಗುವಷ್ಟರಲ್ಲಿ ಜಗದೀಶನ ಸರದಿ ಬಂದಾಗಿತ್ತು. ಒಡತಿಯ ಹೆಸರು ಪದ್ಮಶ್ರೀ. ನೆರೆತ ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದಾರೆ, ಕೈಮಗ್ಗದ ಸೀರೆ, ಕೊರಳಲ್ಲಿ ಭೂತಗನ್ನಡಿ. ಹೂದಾನಿಯನ್ನು ಹಸುಗೂಸಿನಂತೆ ಎತ್ತಿಕೊಂಡು, ಬಾಯೊಳಗೆ ಟಾರ್ಚು ಬಿಟ್ಟು ನೋಡುತ್ತಿದ್ದರು.

"ಹೊರದೇಶಕ್ಕೆ ಕಳಿಸೋದಕ್ಕೆ ಅಂತಾನೇ ಚೀನಾದಲ್ಲಿ ಮಾಡಿದ್ದು. ನೂರೈವತ್ತು ವರ್ಷದ್ದಿರಬಹುದು. ಈ ನೀಲಿ ನೋಡಿ, ಎಷ್ಟು ಆಳವಾಗಿ ಕೂತಿದೆ! ಜೋಡಿಯಾಗಿ ಉಳಿದಿರೋದು ಇನ್ನೂ ದೊಡ್ಡ ವಿಷಯ" ಅಂದರು. ಜನ ಹೋ ಅಂದರು. ಜಗದೀಶ ಇಷ್ಟು ಉಬ್ಬಿದ. "ಆದ್ರೆ ತಳ ನೋಡದೆ ನಾನು ಮುಂದೆ ಮಾತಾಡೋಲ್ಲ" ಅಂತ ಪದ್ಮಶ್ರೀ ಒಂದು ಹೂದಾನಿಯನ್ನು ದಿಂಬಿನ ಮೇಲೆ ಬೋರಲು ಹಾಕಿದರು. ಹಸಿರು ಬಟ್ಟೆಗೆ ಬಿಸಿನೀರು ಸವರಿ ಮೆಲ್ಲಗೆ ಎಬ್ಬಿಸಿದರು.

ಆಮೇಲೆ ತಲೆಯ ಮೇಲೆ ಕೈ ಹೊತ್ತುಕೊಂಡರು. "ಅಯ್ಯೋ ದೇವ್ರೇ! ಯಾರ್ರೀ ಇದನ್ನ ಮಾಡಿದ್ದು?"

"ನಮ್ಮಪ್ಪ!" ಅಂದೆ ಹಿಂದಿನಿಂದ.

ಅಷ್ಟೂ ಜನ ತಿರುಗಿದರು. ನಾನು ಹಳೆಯ ಟೀಚರಮ್ಮನ ಗತ್ತಿನಲ್ಲೇ ಮುಂದೆ ಬಂದೆ. ನಮ್ಮ ಸ್ಕೂಲಿನ ಪ್ರಾರ್ಥನೆಗೆ ನಾನು ಬರುವಾಗ ನೀನು ನಗುತ್ತಿದ್ದೆಯಲ್ಲ, ಅದೇ ನಡಿಗೆ. "ಸ್ಟೀಲ್ ಚೊಂಬಿಗೂ ಹಾಕಿಸಿದ್ರು, ಹಿತ್ತಾಳೆ ಕೊಳಗಕ್ಕೂ ಹಾಕಿಸಿದ್ರು, ಇದಕ್ಕೂ ಹಾಕಿಸಿದ್ರು. ಓದಿ ಮೇಡಂ, ಜೋರಾಗಿ ಓದಿ."

ಪದ್ಮಶ್ರೀ ಓದಿದರು. "ಬೈಲಪ್ಪನ ಮಗಳು ಅಕ್ಕಯಮ್ಮನಿಗೆ."

"ಅಕ್ಕಯಮ್ಮ ನಾನೇ" ಅಂದು ಆಧಾರ್ ಕಾರ್ಡು ತೆಗೆದು ಮೇಜಿನ ಮೇಲಿಟ್ಟೆ. ಹೊಲಿಗೆ ಯಂತ್ರದ ಅಮ್ಮ ಚಪ್ಪಾಳೆ ತಟ್ಟಿದರು. ಜಗದೀಶ ಬೆವರೊರೆಸಿಕೊಂಡ. ಆದರೂ ಬಿಡುವವನಲ್ಲ. "ಆಯ್ತು ಅತ್ತೆ, ಸೀನ್ ಮಾಡ್ಬೇಡಿ. ಅದು ನಿಮ್ದೇ, ತಗೊಂಡೋಗಿ. ಇನ್ನೊಂದು ನಮ್ದು. ಅದ್ರಲ್ಲಿ ಯಾರ ಹೆಸ್ರೂ ಇಲ್ಲ."

"ಅದು ನನ್ನ ತಂಗೀದು."

"ತಾತ ಉಜ್ಜಿಸಿ ಹಾಕಿದ್ರಲ್ಲ ಅತ್ತೆ, ನಿಮ್ಮೆದುರಿಗೇ ಹೇಳಿದ್ರಂತಲ್ಲ! ಮೇಡಂ, ಇದನ್ನೂ ತೆಗ್ದು ತೋರಿಸ್ಬಿಡಿ, ಒಂದೇ ಸಲ ಮುಗಿದೋಗ್ಲಿ."

ಪದ್ಮಶ್ರೀ ನನ್ನ ಮುಖ ನೋಡಿದರು. ಬೇಡ ಅನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ. ಉಜ್ಜಿದ ಕಲೆಯನ್ನು ಅಷ್ಟು ಜನರೆದುರು ನೋಡಬೇಕಲ್ಲ ಅಂತ ಸೆರಗು ಹಿಡಿದು ನಿಂತೆ. ಅವರು ಬಿಸಿನೀರು ಸವರಿದರು, ಬಟ್ಟೆ ಎಬ್ಬಿಸಿದರು, ಅಂಟು ಒರೆಸಿದರು. ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

"ಬೈಲಪ್ಪನ ಮಗಳು ಸುಕನ್ಯಳಿಗೆ" ಅಂದರು. "ಯಾರೂ ಏನೂ ಉಜ್ಜಿಲ್ವಲ್ರೀ. ಒಂದು ಚುಕ್ಕಿನೂ ಹೋಗಿಲ್ಲ."

ನಾನು ಕಿರುಚಿದೆ ಕಣೇ. ನಿಜವಾಗಿ ಕಿರುಚಿದೆ. ಅಂಗಡಿಯ ಆಚೆ ನಿಂತಿದ್ದ ಸೆಕ್ಯುರಿಟಿಯವನು ಓಡಿ ಬಂದ. "ನೋಡೋ! ಬಂದು ನೋಡೋ ಜಗದೀಶ! ಕಣ್ಬಿಟ್ಟು ನೋಡು!" ಅಂತ ಅವನ ಕತ್ತು ಹಿಡಿದು ಬಗ್ಗಿಸಿದೆ. ಅವನು ಬೆರಳಿಂದ ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಸಣ್ಣ ದನಿಯಲ್ಲಿ, "ನಾನು ಚಿಕ್ಕೋನಿದ್ದಾಗಿಂದ ಅಳಿಸಿದ್ರು ಅಂತಾನೇ ಕೇಳಿದ್ದು ಅತ್ತೆ" ಅಂದ. ಅದು ಸುಳ್ಳಲ್ಲ. ನಾನೂ ಅದನ್ನೇ ಕೇಳಿದ್ದವಳು.

ಪದ್ಮಶ್ರೀ ಎರಡನ್ನೂ ನೆಟ್ಟಗೆ ನಿಲ್ಲಿಸಿ ಹೇಳಿದರು, "ಹೆಸರು ಕೊರೆದಿರೋದ್ರಿಂದ ಕೊಳ್ಳೋವ್ರು ಮೂಗು ಮುರೀತಾರೆ, ಅದು ಬೇರೆ ಮಾತು. ಆದ್ರೆ ಇಷ್ಟು ಸ್ಪಷ್ಟವಾಗಿ ಇದು ಯಾರದು ಅಂತ ತಾನೇ ಹೇಳೋ ವಸ್ತು ನನ್ನ ಮೇಜಿಗೆ ಇದುವರೆಗೂ ಬಂದಿಲ್ಲ. ನಾನಂತೂ ಮಾರಿಸಿಕೊಡಲ್ಲ. ಹೆಸರಿರೋವ್ರ ಮನೆಗೆ ಹೋಗ್ಲಿ." ಇಡೀ ಅಂಗಡಿ ಚಪ್ಪಾಳೆ ಹೊಡೆಯಿತು. ಕತ್ತಿಯವರು ಬಂದು ನನ್ನ ಜೊತೆ ಫೋಟೋ ತೆಗೆಸಿಕೊಂಡರು. ನಮ್ಮಪ್ಪ ಮಾಡಿದ ದಡ್ಡತನವೇ ನಮ್ಮ ಮನೆಯ ವಸ್ತುವನ್ನು ಉಳಿಸಿತು ಅಂತ ನನಗೆ ನಗುವೋ ನಗು.

ಜಗದೀಶನ ಕಾರಿನಲ್ಲೇ ಮನೆಗೆ ಬಂದೆ. ಹಿಂದಿನ ಸೀಟಿನಲ್ಲಿ ನನ್ನ ಎರಡು ಪಕ್ಕ ಎರಡು ಹೂದಾನಿ, ಎರಡಕ್ಕೂ ಸೀಟ್ ಬೆಲ್ಟು. ನಮ್ಮ ಗೇಟಿನ ಹತ್ತಿರ ಇಳಿಸುವಾಗ ಅವನು, "ಅತ್ತೆ, ಮದ್ವೆಗೆ ನನ್ನನ್ನೂ ಕರೀತಾರಾ?" ಅಂದ. ಬೈಯಬೇಕೆಂದಿದ್ದೆ, ಆಗಲಿಲ್ಲ. "ಅರಿವೇಣಿ ತರೋವಾಗ ಮೇಲೆ ಬಟ್ಟೆ ಹಿಡಿಯೋಕೆ ನಾಲ್ಕು ಜನ ಬೇಕು, ಬಾ" ಅಂದೆ. ಒಳಗೆ ಬಂದು ನೋಡಿದರೆ ಯಜಮಾನರು ಬೇಳೆ ತಳ ಹಿಡಿಸಿ, ಕಿಟಕಿಗಳನ್ನೆಲ್ಲ ತೆರೆದು ಕೂತಿದ್ದರು.

ಮದುವೆ ಹೇಗಾಯಿತು ಅಂತ ಕೇಳುತ್ತೀಯ. ಚರ್ಚಿನಲ್ಲಿ ಮಾರಿಯಾ ಬಿಳಿ ಸೀರೆಯಲ್ಲಿ ಥೇಟ್ ಸುಕನ್ಯಳೇ. ಚಪ್ಪರದ ದಿನ ಕೆ.ಆರ್. ಪುರದ ಬೀದಿಯಲ್ಲಿ ಓಲಗದ ಹಿಂದೆ ನಾನು ಸುಕನ್ಯಳ ಅರಿವೇಣಿ ಹೊತ್ತೆ, ನನ್ನದನ್ನು ನನ್ನ ಸೊಸೆ ಹೊತ್ತಳು. ಮೇಲೆ ಹಿಡಿದ ಬಟ್ಟೆಯ ಒಂದು ತುದಿಯಲ್ಲಿ ಜಗದೀಶ, ಇನ್ನೊಂದರಲ್ಲಿ ಅಂತೋಣಿಯ ತಮ್ಮ. ಮಹಡಿಗಳ ಮೇಲೆಲ್ಲ ಜನ ನಿಂತು ನೋಡಿದರು. ಹುಡುಗನ ಅಜ್ಜಿ ಬಾಗಿಲಲ್ಲೇ ತಡೆದು, ಮೀಸೆ ಹಾವನ್ನು ಮೇಲಿಂದ ಕೆಳಗೆ ನೋಡಿತು. ಚೀನಾದ ಮಡಕೆಗೆ ಪೂಜೆಯಾ ಅನ್ನುತ್ತದೇನೋ ಅಂದುಕೊಂಡೆ. ಕೊನೆಗೆ, "ಇದ್ಯಾವ ಊರ ಕುಂಬಾರನವ್ವ? ನಮ್ಮೋರಿಗಿಂತ ಚೆನ್ನಾಗಿ ಬರ್ದವ್ನೆ" ಅಂದು ತಾನೇ ಆರತಿ ಎತ್ತಿತು. ಗಂಗೆ ತುಂಬಿ, ಅರಿಶಿನ ದಾರ ಕಟ್ಟಿ, ಎರಡನ್ನೂ ಜೋಡಿಯಾಗಿ ಇಟ್ಟೆವು. ಅಷ್ಟು ವರ್ಷ ಗಾಜಿನೊಳಗೆ ಖಾಲಿ ಕೂತಿದ್ದವು ನೋಡು, ಅವತ್ತು ಅಪ್ಪ ಅಂದುಕೊಂಡ ಕೆಲಸಕ್ಕೇ ಬಂದವು. ನನಗೆ ಆದ ಸಂತೋಷ ಹೇಳಲು ಬರುವುದಿಲ್ಲ. ಸುಕನ್ಯಳದು ಈಗ ಮಾರಿಯಾಳ ಮನೆಯಲ್ಲಿದೆ, ನನ್ನದು ಇಲ್ಲಿ ನನ್ನ ಕಣ್ಣೆದುರಿಗೇ ಇದೆ. ನೀನು ಬಂದಾಗ ಅದರಲ್ಲಿ ರಸೆಲ್ ಮಾರ್ಕೆಟ್ಟಿನ ಸುಗಂಧರಾಜ ಇಡುತ್ತೇನೆ, ಬೇಗ ಬಾ.

ನಾಜಿಶ್‌ಗೆ, ಅವಳ ಮಕ್ಕಳಿಗೆ ನನ್ನ ಆಶೀರ್ವಾದ. ರಂಜಾನ್ ಹತ್ತಿರ ಬಂತು, ಉಪವಾಸದ ಹೆಸರಲ್ಲಿ ಮಾತ್ರೆ ಬಿಡಬೇಡ. ನಿನ್ನ ಮಂಡಿಗೆ ಬಲ ಬರಲಿ, ಮನೆ ತುಂಬಿರಲಿ, ನಿನ್ನ ನಗು ಹಾಗೆಯೇ ಇರಲಿ.

ನಿನ್ನ
ಅಕ್ಕಯಮ್ಮ

ಮತ್ತೆ: ಕವರಿಗೆ ಹಾಕಿದ್ದ ಕಾಗದವನ್ನು ತೆಗೆದು ಬರೆಯುತ್ತಿದ್ದೇನೆ. ಒಂದು ಮಾತು ಬೇಕೆಂದೇ ಬಿಟ್ಟಿದ್ದೆ, ನಿನಗೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಮದುವೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಮಾರಿಯಾ ಅರಿವೇಣಿಯ ನೀರನ್ನು ಗಿಡಕ್ಕೆ ಹಾಕಿ, ಒರೆಸಿ, ಮಡಿಲಲ್ಲಿ ಬೋರಲು ಹಾಕಿಕೊಂಡು ಕೂತಿದ್ದಳು. ಹೆಸರಿನ ಮೇಲೆ ಬೆರಳಾಡಿಸುತ್ತಿದ್ದಳು. "ದೊಡ್ಡಮ್ಮ, 'ನನ್ನ ಹೆಸ್ರು ಉಜ್ಜಿಸಿ ಹಾಕಿರೋ ಮನೆ ಅದು, ನಾನ್ ಯಾಕೆ ಹೋಗ್ಲಿ' ಅಂತ ಅಮ್ಮ ಆಸ್ಪತ್ರೇಲೂ ಹೇಳ್ತಿದ್ಲು. ತಾತ ಸತ್ತಾಗ ನನ್ನ ಕೈ ಹಿಡ್ಕೊಂಡು ತಾತನ ಮನೆ ಬೀದಿ ತುದಿವರ್ಗೂ ಬಂದು ಅಲ್ಲಿಂದಾನೇ ವಾಪಸ್ ಹೋದ್ಲು. ಹೆಸ್ರು ಇಲ್ಲೇ ಇತ್ತಲ್ಲ ದೊಡ್ಡಮ್ಮ. ಅಮ್ಮಂಗೆ ಯಾರೂ ಯಾಕೆ ಹೇಳ್ಲಿಲ್ಲ?" ಅಂದಳು.

"ಯಾರ್ಗೂ ಗೊತ್ತಿರ್ಲಿಲ್ಲ ಕಣಮ್ಮ" ಅಂದೆ.

"ತಾತಂಗೆ ಗೊತ್ತಿತ್ತಲ್ಲ" ಅಂದಳು.